ಮುರಿದ ಹಲ್ಲಿನ ಅಂಚೆಚೀಟಿಗಳು
(ಫಿನ್ಲೆಂಡಿನ ಅಂಚೆಯ ಇತಿಹಾಸದಿಂದ, 1856-1875)

ಅಂಚೆಚೀಟಿಯ ಅಂಚನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ಚಿತ್ರವನ್ನು ನೋಡುತ್ತೇವೆ, ಬೆಲೆಯನ್ನು ನೋಡುತ್ತೇವೆ, ಯಾವ ದೇಶದ್ದೆಂದು ಓದಿಕೊಳ್ಳುತ್ತೇವೆ. ಸುತ್ತಲಿನ ಹಲ್ಲುಗಳು ಕಣ್ಣಿಗೆ ಬೀಳುವುದು ಅವುಗಳಲ್ಲೊಂದು ಮುರಿದಾಗ ಮಾತ್ರ. ಚೀಟಿಗಳನ್ನು ಅದಲುಬದಲು ಮಾಡಿಕೊಳ್ಳುವ ಶಾಲೆಯ ಹುಡುಗರು "ಹಲ್ಲು ಹೋಗಿದೆ, ಇದು ಬೇಡ" ಎಂದು ಪಕ್ಕಕ್ಕಿಡುವುದನ್ನು ಉಪಾಧ್ಯಾಯರಾದವರೆಲ್ಲ ಕಂಡಿರುತ್ತಾರೆ. ದೊಡ್ಡ ಸಂಗ್ರಾಹಕರ ತೀರ್ಪೂ ಬಹುಮಟ್ಟಿಗೆ ಇದೇ. ಇತಿಹಾಸದ ದೃಷ್ಟಿಯಿಂದ ಈ ತೀರ್ಪು ಎಷ್ಟು ಸರಿ ಎಂಬುದನ್ನು ಪರಿಶೀಲಿಸಬೇಕೆಂದು ನಮಗೆ ತೋರಿತು. ಪರಿಶೀಲನೆಗೆ ಫಿನ್ಲೆಂಡ್ ದೇಶದ ಹಳೆಯ ಚೀಟಿಗಳನ್ನು ಆರಿಸಿಕೊಂಡಿದ್ದೇವೆ. ಕಾರಣವಿಷ್ಟೆ: ಆ ಚೀಟಿಗಳಲ್ಲಿ ಹಲ್ಲು ಮುರಿದಿರುವುದೇ ವಾಡಿಕೆ, ಮುರಿಯದಿರುವುದೇ ಆಶ್ಚರ್ಯ.

ಮೊದಲು ಹಲ್ಲಿನ ಹುಟ್ಟನ್ನು ಸಂಕ್ಷೇಪವಾಗಿ ಹೇಳಬೇಕು. 1840ರಲ್ಲಿ ಬ್ರಿಟನ್ ಲೋಕದ ಮೊದಲ ಅಂಚೆಚೀಟಿಯನ್ನು ಹೊರಡಿಸಿದಾಗ ಅದಕ್ಕೆ ಹಲ್ಲುಗಳಿರಲಿಲ್ಲ. ಅಂಚೆಯ ಗುಮಾಸ್ತೆ ಹಾಳೆಯನ್ನು ಕತ್ತರಿಯಿಂದ ಕತ್ತರಿಸಿ ಕೊಡಬೇಕಾಗಿತ್ತು. 1854ರಲ್ಲಿ ಕಲ್ಕತ್ತೆಯಲ್ಲಿ ಕಲ್ಲಚ್ಚಿನಿಂದ ಮುದ್ರಿಸಿ ಹಿಂದೂದೇಶಕ್ಕೆಲ್ಲ ಕಳುಹಿಸಿದ ಚೀಟಿಗಳೂ ಹಾಗೆಯೇ ಇದ್ದವು. ಹೆನ್ರಿ ಆರ್ಚರ್ ಎಂಬ ಐರಿಷ್ ಮನುಷ್ಯ ಚೀಟಿಗಳನ್ನು ಬಿಡಿಸುವ ಯಂತ್ರದ ಸಲಹೆಯನ್ನು 1847ರಲ್ಲಿ ಬ್ರಿಟಿಷ್ ಅಂಚೆಯ ಮುಂದಿಟ್ಟನು. ಅವನ ಮೊದಲ ಪ್ರಯತ್ನ ಕಾಗದದಲ್ಲಿ ಸಣ್ಣ ಸಣ್ಣ ಸೀಳುಗಳನ್ನು ಮಾಡುವುದು. ಅದು ಕೈಗೂಡದೆ, ಸಾಲಾಗಿ ತೂತು ಹೊಡೆಯುವ ವಿಧಾನಕ್ಕೆ ಬಂದನು. ಸರಕಾರ 1853ರಲ್ಲಿ ಅವನ ಹಕ್ಕನ್ನು 4000 ಪೌಂಡು ಕೊಟ್ಟು ಕೊಂಡುಕೊಂಡಿತು. ಸ್ವೀಡನ್ 1855ರ ತನ್ನ ಮೊದಲ ಚೀಟಿಗಳಿಗೇ ತೂತಿನ ಅಂಚನ್ನು ಕೊಟ್ಟಿತು. ತೂತು ಮತ್ತು ಸೀಳು, ಇವೆರಡರ ಭೇದವನ್ನು ಇಲ್ಲಿ ಸ್ಪಷ್ಟವಾಗಿ ತಿಳಿದಿಟ್ಟುಕೊಳ್ಳುವುದು ಅವಶ್ಯ. ತೂತು ಹೊಡೆದರೆ ಕಾಗದದ ಒಂದಂಶ ಚುಕ್ಕೆಯಾಗಿ ಉದುರಿಹೋಗುತ್ತದೆ. ಸೀಳಿದರೆ ಏನೂ ಉದುರುವುದಿಲ್ಲ. ಕಾಗದವೆಲ್ಲ ಅಲ್ಲೇ ಇರುತ್ತದೆ, ನಡುವೆ ಗಾಯ ಮಾತ್ರ.

ಸ್ವೀಡನ್ನಿನ ನೆರೆಯಾದ ಫಿನ್ಲೆಂಡ್ ಹಿಡಿದದ್ದು ಸೀಳಿನ ದಾರಿಯನ್ನು. ಅದನ್ನು ಹೇಳುವುದಕ್ಕೆ ಮೊದಲು ಆ ದೇಶದ ಅಂದಿನ ಸ್ಥಿತಿಯನ್ನು ನೆನೆಯಬೇಕಾಗುತ್ತದೆ. ಶತಮಾನಗಳ ಕಾಲ ಸ್ವೀಡನ್ನಿನ ಆಳ್ವಿಕೆಯಲ್ಲಿದ್ದ ಫಿನ್ಲೆಂಡ್ 1809ರಲ್ಲಿ ರಷ್ಯದ ಕೈಸೇರಿತು. ಆದರೆ ಅದು ಸಾಮಾನ್ಯ ಪ್ರಾಂತವಾಗಿ ಕರಗಿಹೋಗಲಿಲ್ಲ. ತನ್ನದೇ ಕಾನೂನು, ತನ್ನದೇ ಸೆನೆಟ್ ಸಭೆಗಳನ್ನು ಉಳಿಸಿಕೊಂಡ ಮಹಾಸಂಸ್ಥಾನವಾಯಿತು. ರಷ್ಯದ ಚಕ್ರವರ್ತಿಯೇ ಅದರ ಪ್ರಭು. ಜನರಲ್ಲಿ ಬಹುಸಂಖ್ಯಾತರ ಮಾತು ಫಿನ್ನಿಷ್. ಕಚೇರಿಯ ಮತ್ತು ವಿದ್ಯಾವಂತರ ಮಾತು ಸ್ವೀಡಿಷ್. ಮೇಲಿನ ಪ್ರಭುತ್ವದ ಮಾತು ರಷ್ಯನ್. ಗಡಿನಾಡಿನಲ್ಲಿ ಪಾಠ ಹೇಳುವ ನಮಗೆ ಈ ಮೂರು ನೆಲೆಗಳ ವ್ಯವಸ್ಥೆಯನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಕ್ರಿಮಿಯ ಯುದ್ಧ ಇನ್ನೂ ಮುಗಿಯುತ್ತಿದ್ದ ಕಾಲದಲ್ಲಿ, 1856ರ ಮಾರ್ಚ್ 3ರಂದು, ಈ ಸಂಸ್ಥಾನ ತನ್ನ ಮೊದಲ ಚೀಟಿಗಳನ್ನು ಹೊರಡಿಸಿತು: 5 ಕೊಪೆಕ್ಕಿನ ನೀಲಿ ಮತ್ತು 10 ಕೊಪೆಕ್ಕಿನ ಗುಲಾಬಿ. ಮೊಟ್ಟೆಯಾಕಾರದ ಈ ಚೀಟಿಗಳ ಮೇಲೆ ಲಾಂಛನವೂ ಅದರ ಕೆಳಗೆ ಎರಡು ಅಂಚೆಕೊಂಬುಗಳೂ ಇವೆ. ಹಲ್ಲುಗಳಿಲ್ಲ, ಕತ್ತರಿಯೇ ಗತಿ. ಗಮನಿಸತಕ್ಕ ಸಂಗತಿಯೆಂದರೆ, ಆಳುವ ರಷ್ಯ ಸಾಮ್ರಾಜ್ಯದ ಮೊದಲ ಚೀಟಿ ಹೊರಬಂದದ್ದು 1857ರ ಡಿಸೆಂಬರಿನಲ್ಲಿ. ಅಂದರೆ ಅಧೀನ ಸಂಸ್ಥಾನವು ಚಕ್ರವರ್ತಿಯ ರಾಜಧಾನಿಗಿಂತ ಒಂದೂಮುಕ್ಕಾಲು ವರ್ಷ ಮುಂದಿತ್ತು.

1860ರ ಆರಂಭದಲ್ಲಿ ಚೀಟಿಯ ರೂಪ ಬದಲಾಯಿತು. ಅದೇ ಬೆಲೆ, ಅದೇ ಬಣ್ಣ. ಆದರೆ ಮೊಟ್ಟೆಯ ಬದಲು ಆಯತ, ನಡುವೆ ಕಿರೀಟದ ಕೆಳಗೆ ಸಿಂಹದ ಲಾಂಛನ. ಇದರೊಂದಿಗೆ ಬಂದದ್ದೇ ನಮ್ಮ ವಿಷಯವಾದ ಅಂಚು. ಹಾಳೆಯಲ್ಲಿ ಚೀಟಿಗೂ ಚೀಟಿಗೂ ನಡುವೆ ನೇರವಾದ ಗೆರೆಯನ್ನಾಗಲಿ ತೂತುಗಳ ಸಾಲನ್ನಾಗಲಿ ಹಾಕದೆ, ಹರಿದಾಡುವ ಹಾವಿನಂತೆ ಬಳುಕುವ ಒಂದು ಸೀಳನ್ನು ಹಾಕಿದರು. ಸಂಗ್ರಾಹಕರ ಪರಿಭಾಷೆಯಲ್ಲಿ ಇದಕ್ಕೆ 'ಸರ್ಪೆಂಟೈನ್ ರೂಲೆಟ್' ಎಂದು ಹೆಸರು. ನಾವು ಸರ್ಪಸೀಳು ಎನ್ನೋಣ. ಬಿಡಿಸಿದಾಗ ಚೀಟಿಯ ಸುತ್ತ ದುಂಡುತುದಿಯ ಉದ್ದನೆಯ ಹಲ್ಲುಗಳು ಕಾಣುತ್ತವೆ. ಹಲ್ಲು ಎನ್ನುವುದಕ್ಕಿಂತ ನಾಲಗೆ ಎನ್ನುವುದೇ ಒಪ್ಪುತ್ತದೆ. ಆದರೂ ಫಿನ್ನಿಷ್ ಭಾಷೆಯಲ್ಲಿ ಹಲ್ಲಿಗೆ 'ಹಮ್ಮಸ್' ಎಂದೂ ಚೀಟಿಯ ಅಂಚಿಗೆ ಅದರಿಂದಲೇ ಹುಟ್ಟಿದ 'ಹಮ್ಮಸ್ತೆ' ಎಂದೂ ಹೇಳುವರಾದ್ದರಿಂದ, ಕನ್ನಡದ ಹುಡುಗರ ಮಾತೂ ಅವರ ಮಾತೂ ಒಂದೇ ಕಡೆ ಬಂದು ಸೇರುತ್ತವೆ. ನಾವೂ ಹಲ್ಲು ಎಂದೇ ಹೇಳುತ್ತೇವೆ.

ಈ ಹಲ್ಲಿನ ರಚನೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಎರಡೂ ಕೈಗಳ ಬೆರಳುಗಳನ್ನು ಒಂದರ ನಡುವೆ ಒಂದು ತೂರಿಸಿ ಹಿಡಿದರೆ ಹೇಗೋ ಹಾಗೆ ಪಕ್ಕಪಕ್ಕದ ಚೀಟಿಗಳ ಹಲ್ಲುಗಳು ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ಈ ಚೀಟಿಯ ಹಲ್ಲು ಇರುವಲ್ಲಿ ಆ ಚೀಟಿಯ ಸಂದು. ಆ ಚೀಟಿಯ ಹಲ್ಲು ಇರುವಲ್ಲಿ ಈ ಚೀಟಿಯ ಸಂದು. ಸೀಳು ಎಲ್ಲ ಕಡೆಯೂ ಪೂರ್ಣವಾಗಿ ಇಳಿದಿರಲಿಲ್ಲ. ಇಳಿದಿದ್ದರೆ ಹಾಳೆಯೇ ಬಿಡಿಬಿಡಿಯಾಗಿ ಕೈಯಲ್ಲಿ ಉದುರುತ್ತಿತ್ತು. ಇಳಿಯದ ಜಾಗದಲ್ಲಿ ಗುಮಾಸ್ತೆ ಎಳೆದಾಗ ಕಾಗದ ತನಗೆ ತೋಚಿದಂತೆ ಹರಿಯಿತು. ಒಂದು ಹಲ್ಲು ತನ್ನ ಚೀಟಿಯನ್ನು ಬಿಟ್ಟು ನೆರೆಯ ಚೀಟಿಗೆ ಅಂಟಿಕೊಂಡು ಹೋಯಿತು. ಒಂದರ ನಷ್ಟ ಇನ್ನೊಂದರ ಹೆಚ್ಚಳ. ಹರಿಯದೆ ಉಳಿದ ಹಲ್ಲುಗಳೂ ಕ್ಷೇಮವಲ್ಲ. ಲಕೋಟೆಗೆ ಅಂಟಿಸುವಾಗ ಮಡಿಚಿಕೊಳ್ಳುವುದು, ಚೀಲದಲ್ಲಿ ಉಜ್ಜಿಕೊಳ್ಳುವುದು, ಮುಂದೆ ಸಂಗ್ರಾಹಕನು ನೀರಿನಲ್ಲಿ ನೆನೆಸಿ ಬಿಡಿಸುವುದು, ಹೀಗೆ ಒಂದೊಂದು ಹಂತದಲ್ಲೂ ಒಂದೆರಡು ಹಲ್ಲು ಕಳೆದುಹೋದವು. ಬುಡ ಸಣ್ಣದಾಗಿ ಮೈ ಉದ್ದವಾಗಿದ್ದಷ್ಟೂ ಮುರಿಯುವ ಸಂಭವ ಹೆಚ್ಚು; ಮೂಲೆಯ ಹಲ್ಲಿನ ಪಾಡಂತೂ ಹೇಳುವುದೇ ಬೇಡ.

ಅಂಚಿನ ಲೆಕ್ಕವನ್ನು 2 ಸೆಂಟಿಮೀಟರಿಗೆ ಎಷ್ಟು ಹಲ್ಲು ಎಂದು ಹೇಳುವುದು ರೂಢಿ. ಪ್ಯಾರಿಸಿನ ಡಾಕ್ಟರ್ ಲೆಗ್ರಾಂಡ್ 1866ರಲ್ಲಿ ಬಳಕೆಗೆ ತಂದ ಅಳತೆ ಇದು. ಅವರು ತಮ್ಮ ಅಳತೆಪಟ್ಟಿಗೆ ಇಟ್ಟ ಹೆಸರಿನ ಅರ್ಥವೂ 'ಹಲ್ಲಿನ ಮಾಪಕ' ಎಂದೇ. ಸಾಧಾರಣ ತೂತಿನ ಚೀಟಿಯಲ್ಲಿ ಈ ಲೆಕ್ಕ 11, 14 ಹೀಗೆ ಬಂದರೆ ಫಿನ್ಲೆಂಡಿನ ಸರ್ಪಸೀಳಿನಲ್ಲಿ 7½ ಅಥವಾ 8 ಮಾತ್ರ. ಹಲ್ಲುಗಳು ಅಷ್ಟು ದಪ್ಪ, ಅಷ್ಟು ಕಡಿಮೆ. ಆದ್ದರಿಂದಲೇ ಒಂದು ಹೋದರೂ ದೂರಕ್ಕೆ ಕಾಣುತ್ತದೆ.

ಇವುಗಳ ಆಳವನ್ನು ಅಳೆದು ಸಂಗ್ರಾಹಕರು ನಾಲ್ಕು ಬಗೆಗಳನ್ನು ಗುರುತಿಸಿದ್ದಾರೆ. 1ರಿಂದ 1¼ ಮಿಲಿಮೀಟರು ಆಳದ್ದು ಒಂದು, 1½ರಿಂದ 1¾ರದು ಇನ್ನೊಂದು, 2ರಿಂದ 2¼ರದು ಮತ್ತೊಂದು. ನಾಲ್ಕನೆಯದು 1¼ರಿಂದ 1½ ಆಳವಿದ್ದು ಸಲಿಕೆಯ ಆಕಾರದ್ದು. ಒಂದೇ ಬೆಲೆಯ, ಒಂದೇ ಬಣ್ಣದ ಚೀಟಿ ಬೇರೆ ಬೇರೆ ಸೀಳಿನಲ್ಲಿ ಸಿಕ್ಕುವುದರಿಂದ, ಅಂಚನ್ನು ಅಳೆದರೆ ಚೀಟಿಯ ಮುದ್ರಣಗಳನ್ನು ಬೇರ್ಪಡಿಸಲು ಒಂದು ಆಧಾರ ದೊರೆಯುತ್ತದೆ. ಅಕ್ಷರದ ತಲೆಕಟ್ಟನ್ನೂ ತಿರುವನ್ನೂ ನೋಡಿ ಶಾಸನದ ಕಾಲವನ್ನು ಊಹಿಸುವವರಿಗೆ ಈ ಕೆಲಸ ಅಪರಿಚಿತವೆನಿಸದು. ಚೀಟಿಯನ್ನು ಕಪ್ಪು ಕಾಗದದ ಮೇಲಿಟ್ಟು ಭೂತಗನ್ನಡಿ ಹಿಡಿದರೆ ಹಲ್ಲಿನ ಆಕಾರ ಚೆನ್ನಾಗಿ ಕಾಣುತ್ತದೆ. ಅಳೆಯುವುದಕ್ಕೆ ಮುರಿಯದ ಒಂದೆರಡು ಹಲ್ಲು ಇದ್ದರೆ ಸಾಕು. ಎಲ್ಲವೂ ಇರಬೇಕೆಂಬ ನಿರ್ಬಂಧ ಶಾಸ್ತ್ರದ್ದಲ್ಲ, ಮಾರುಕಟ್ಟೆಯದು.

ಬೆಲೆಯ ವಿಷಯಕ್ಕೆ ಬರೋಣ. ಇಲ್ಲಿ ಬೆಲೆಯೆಂದರೆ ಚೀಟಿಯ ಮೇಲೆ ಅಚ್ಚಾದ ಬೆಲೆ. 1860ರ ಏಪ್ರಿಲಿನಲ್ಲಿ ಫಿನ್ಲೆಂಡಿಗೆ ತನ್ನದೇ ನಾಣ್ಯದ ಹಕ್ಕು ದೊರೆಯಿತು. ಕಾಲು ರೂಬಲಿಗೆ ಒಂದು ಮಾರ್ಕ್ಕ, ಮಾರ್ಕ್ಕಕ್ಕೆ ನೂರು ಪೆನ್ನಿ. ಹೆಸರು ಬೇರೆಯಾದರೂ ನಾಣ್ಯ ರಷ್ಯದ ಕಾಗದದ ರೂಬಲಿಗೇ ಕಟ್ಟಿಬಿದ್ದಿತ್ತು. 1865ರಲ್ಲಿ ಆ ಕಟ್ಟನ್ನು ಬಿಡಿಸಿ ಮಾರ್ಕ್ಕವನ್ನು ಬೆಳ್ಳಿಗೆ ಜೋಡಿಸಿದ ಸುಧಾರಣೆಯ ಮುಂದಾಳು ಯೋಹಾನ್ ವಿಲ್ಹೆಲ್ಮ್ ಸ್ನೆಲ್‌ಮನ್. ಈತನ ಹೆಸರನ್ನು ಉಪಾಧ್ಯಾಯರ ಸಂಚಿಕೆಯಲ್ಲಿ ಹೇಳದೆ ಮುಂದೆ ಹೋಗುವುದು ತರವಲ್ಲ. ತತ್ತ್ವಶಾಸ್ತ್ರವನ್ನು ಓದಿ, 1843ರಲ್ಲಿ ಕುವೋಪಿಯೋ ಎಂಬ ಒಳನಾಡಿನ ಊರಿಗೆ ಶಾಲೆಯ ಮುಖ್ಯೋಪಾಧ್ಯಾಯನಾಗಿ ಹೋಗಿ, ಅಲ್ಲಿಂದಲೇ ಪತ್ರಿಕೆ ನಡೆಸಿ, ಜನರ ಮಾತಾದ ಫಿನ್ನಿಷಿಗೆ ಶಾಲೆಯಲ್ಲೂ ಕಚೇರಿಯಲ್ಲೂ ಸ್ಥಾನ ಬೇಕೆಂದು ವಾದಿಸಿದವನು ಈತ. 1863ರಲ್ಲಿ ಸೆನೆಟ್ ಸೇರಿದನು; ಫಿನ್ನಿಷಿಗೆ ಇಪ್ಪತ್ತು ವರ್ಷಗಳೊಳಗಾಗಿ ಸ್ವೀಡಿಷಿನೊಡನೆ ಸಮಾನ ಸ್ಥಾನ ದೊರೆಯಬೇಕೆಂಬ ಚಕ್ರವರ್ತಿಯ ಆಜ್ಞೆ ಹೊರಟದ್ದು ಅದೇ ವರ್ಷ. ಒಬ್ಬ ಶಾಲಾ ಮಾಸ್ತರನ ಕೈಯಿಂದ ಒಂದು ನಾಡಿನ ಭಾಷೆಗೂ ನಾಣ್ಯಕ್ಕೂ ಇಷ್ಟು ಕೆಲಸವಾದದ್ದು ಅಪರೂಪವೇ ಸರಿ.

ನಾಣ್ಯದ ಸುಧಾರಣೆಯ ಬೆನ್ನಿಗೇ, 1866ರಿಂದ, ಪೆನ್ನಿಯ ಚೀಟಿಗಳು ಬಂದವು: 5, 8, 10, 20, 40 ಪೆನ್ನಿ, ಬಳಿಕ 1 ಮಾರ್ಕ್ಕ. ಅಂಚು ಮಾತ್ರ ಅದೇ ಸರ್ಪಸೀಳು. ಇಲ್ಲಿ ಒಂದು ಸೂಕ್ಷ್ಮವಿದೆ. ಒಂದು ಕೊಪೆಕ್ಕಿಗೆ ನಾಲ್ಕು ಪೆನ್ನಿಯಾದರೆ ಹಳೆಯ 5 ಕೊಪೆಕ್ 20 ಪೆನ್ನಿಗೂ 10 ಕೊಪೆಕ್ 40 ಪೆನ್ನಿಗೂ ಸಮ. 5 ಕೊಪೆಕ್ಕಿನ ಚೀಟಿ ನೀಲಿಯಾಗಿತ್ತು; 20 ಪೆನ್ನಿಯದೂ ನೀಲಿ. 10 ಕೊಪೆಕ್ಕಿನದು ಗುಲಾಬಿಯಾಗಿತ್ತು; 40 ಪೆನ್ನಿಯದೂ ಗುಲಾಬಿ. ನಾಣ್ಯ ಬದಲಾಯಿತು, ಅಂಕಿ ನಾಲ್ಕು ಪಟ್ಟಾಯಿತು. ಆದರೆ ಬಣ್ಣ ಹಾಗೆಯೇ ನಿಂತು ಹಳೆಯ ರೂಢಿಯನ್ನು ಹೊಸದಕ್ಕೆ ಕೈಹಿಡಿದು ದಾಟಿಸಿತು. ನಯಾಪೈಸೆ ಬಂದ 1957ರ ಗೊಂದಲವನ್ನು ಹಿರಿಯರ ಬಾಯಲ್ಲಿ ಕೇಳಿದವರಿಗೆ ಈ ಉಪಾಯದ ಬೆಲೆ ತಿಳಿದೀತು.

ಪೆನ್ನಿಯ ಚೀಟಿಗಳ ಮೊದಲ ವರ್ಷಗಳು ಸುಖದ ವರ್ಷಗಳಲ್ಲ. 1866ರಲ್ಲಿ ಬೆಳೆ ಕೆಟ್ಟಿತು. 1867ರ ವಸಂತ ಬರಲೇ ಇಲ್ಲವೆನ್ನಬೇಕು. ಮೇ ತಿಂಗಳಲ್ಲೂ ಸರೋವರಗಳ ಹಿಮ ಕರಗಲಿಲ್ಲ, ತಡವಾಗಿ ಬಿತ್ತಿದ ಪೈರನ್ನು ಸೆಪ್ಟೆಂಬರಿನ ಇಬ್ಬನಿಗಡ್ಡೆ ಸುಟ್ಟಿತು. ಜನ ಪೈನ್ ಮರದ ತೊಗಟೆಯನ್ನು ಹಿಟ್ಟಿನಲ್ಲಿ ಬೆರೆಸಿ ರೊಟ್ಟಿ ಮಾಡಿಕೊಂಡರು. ಹಸಿವಿನಿಂದಲೂ ಅದರ ಬೆನ್ನಿಗೆ ಬಂದ ಜ್ವರಗಳಿಂದಲೂ ದೇಶದ ಜನಸಂಖ್ಯೆಯ ಶೇಕಡಾ 8ರಷ್ಟು ಮಂದಿ ಸತ್ತರು. ಹಣಕಾಸನ್ನು ನೋಡುತ್ತಿದ್ದ ಸ್ನೆಲ್‌ಮನ್ ಮೇಲೆ ಕಟುವಾದ ಟೀಕೆ ಬಂತು. 1868ರಲ್ಲಿ ಆತ ಸೆನೆಟನ್ನು ಬಿಟ್ಟನು. ಆ ವರ್ಷಗಳ ಮುದ್ರೆಬಿದ್ದ ಚೀಟಿ ಕೈಗೆ ಬಂದರೆ, ಅದರ ಹಲ್ಲೆಷ್ಟು ಎಂದು ಎಣಿಸುವುದಕ್ಕೆ ಮೊದಲು ನಾವು ಸ್ವಲ್ಪ ತಡೆಯುತ್ತೇವೆ.

ಆದರೆ ಎಣಿಸುವವರು ಎಣಿಸಿಯೇ ಎಣಿಸಿದರು. ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಫಿನ್ಲೆಂಡಿನ ಹಳೆಯ ಚೀಟಿಗಳನ್ನು ಹುಡುಕುವವರು ಯೂರೋಪಿನಲ್ಲೆಲ್ಲ ಇದ್ದರು. ರಷ್ಯದ ಅರಮನೆಯ ಅಕ್ಕಸಾಲಿಗ ಕಾರ್ಲ್ ಫಾಬರ್ಜೆಯ ಮಗ, ರತ್ನಪರೀಕ್ಷಕ ಅಗಾಥಾನ್ ಫಾಬರ್ಜೆ ಅವರಲ್ಲಿ ಪ್ರಸಿದ್ಧನು. ಕ್ರಾಂತಿಯ ನಂತರ, 1927ರಲ್ಲಿ, ಆತ ಫಿನ್ಲೆಂಡಿಗೆ ತಪ್ಪಿಸಿಕೊಂಡು ಬಂದು 1951ರಲ್ಲಿ ಅಲ್ಲಿಯೇ ತೀರಿಕೊಂಡನು. ರತ್ನದಲ್ಲಿ ಕೂದಲೆಳೆಯ ಬಿರುಕನ್ನು ಕಾಣುವ ಕಣ್ಣು ಚೀಟಿಯಲ್ಲಿ ಹಲ್ಲಿನ ಕೊರತೆಯನ್ನು ಕಾಣದಿದ್ದೀತೆ? ಇಂಥ ಸಂಗ್ರಾಹಕರ ನಡುವೆ ಎಲ್ಲ ಹಲ್ಲುಗಳೂ ಇರುವ ಚೀಟಿಗೆ ಒಂದು ಬೆಲೆ, ಒಂದು ಹಲ್ಲು ಹೋದರೆ ಇನ್ನೊಂದು, ನಾಲ್ಕಾರು ಹೋದರೆ ಕೇಳುವವರಿಲ್ಲ ಎಂಬ ಏಣಿ ಸಿದ್ಧವಾಯಿತು.

ಏಣಿ ಇದ್ದಲ್ಲಿ ಹತ್ತಿಸುವವರೂ ಇರುತ್ತಾರೆ. ಕೆಟ್ಟ ಚೀಟಿಯ ಅಂಚಿನಿಂದ ಹಲ್ಲನ್ನು ಕಿತ್ತು, ಒಳ್ಳೆಯ ಚೀಟಿಯ ಸಂದಿಗೆ ಅಂಟಿಸಿ, ನಾರನ್ನು ನಾರಿಗೆ ಕೂಡಿಸಿ ಒತ್ತುವ ನಿಪುಣರು ಹುಟ್ಟಿಕೊಂಡರು. ಇನ್ನು ಕೆಲವರು ಉಳಿದ ಹಲ್ಲುಗಳನ್ನೂ ಕತ್ತರಿಸಿ ಸುತ್ತಲೂ ಹೊಸ ಅಂಚನ್ನೇ ಕೆತ್ತಿದರು. ಎರಡನೆಯ ಮೋಸ ಬೇಗ ಹೊರಬೀಳುತ್ತದೆ. ಚೀಟಿ ತನ್ನ ಜೊತೆಯವಕ್ಕಿಂತ ಕುಗ್ಗಿರುತ್ತದೆ, ಆಳದ ಅಳತೆಯೂ ಹೊಂದುವುದಿಲ್ಲ. ಮೊದಲನೆಯದನ್ನು ಹಿಡಿಯುವುದು ಕಷ್ಟ. ಬೆನ್ಜೀನಿನಲ್ಲಿ ಅದ್ದಿದಾಗ ಜೋಡಿಸಿದ ಗೆರೆ ಕಪ್ಪಗೆ ಕಾಣಿಸಿಕೊಳ್ಳುವುದುಂಟು; ಅತಿನೇರಿಳೆ ದೀಪದಡಿಯಲ್ಲಿ ಹೊಸ ಅಂಟು ಬೇರೆಯಾಗಿ ಹೊಳೆಯುವುದುಂಟು. ಹರಿದುಹೋದ ಓಲೆಗರಿಗೆ ಆಸರೆಯ ಕಾಗದ ಅಂಟಿಸುವುದು ರಕ್ಷಣೆ. ಹೋದ ಅಕ್ಷರವನ್ನು ಹಳೆಯ ಲಿಪಿಯಲ್ಲಿ ಬರೆದು ಸೇರಿಸುವುದು ವಂಚನೆ. ಚೀಟಿಯ ವಿಷಯದಲ್ಲಿಯೂ ನಮ್ಮ ಅಭಿಪ್ರಾಯ ಇದೇ. ರಿಪೇರಿಯಾದದ್ದನ್ನು ರಿಪೇರಿಯಾಗಿದೆ ಎಂದು ಬರೆದಿಟ್ಟರೆ ಯಾರಿಗೂ ಕೇಡಿಲ್ಲ.

ಹಲ್ಲಿಗಿಂತ ದೊಡ್ಡ ನಷ್ಟವೊಂದಿದೆ. ಅದನ್ನು ನಮ್ಮಲ್ಲಿರುವ ಒಂದು ಚೀಟಿಯಿಂದಲೇ ತೋರಿಸಬಹುದು. ಅದು 40 ಪೆನ್ನಿಯದು. ಗುಲಾಬಿಯ ಬಣ್ಣ ಮಾಸಿದೆ. ಬಲಗಡೆ ಮೂರು ಹಲ್ಲುಗಳಿಲ್ಲ. ಎಡಗಡೆ ಕೆಳಗೆ ನೆರೆಯ ಚೀಟಿಯ ಹಲ್ಲೊಂದು ಹೆಚ್ಚಾಗಿ ಅಂಟಿಕೊಂಡಿದೆ. ಆ ಕಾಲದ ಅಂಚೆಮುದ್ರೆಗಳು ಆಯತದ ಚೌಕಟ್ಟಿನಲ್ಲಿ ಊರಿನ ಹೆಸರನ್ನೂ ತಾರೀಖನ್ನೂ ತೋರಿಸುತ್ತಿದ್ದವು. ನಮ್ಮ ಚೀಟಿಯ ಮೇಲೆ ಚೌಕಟ್ಟಿನ ಬಲಭಾಗ ಮಾತ್ರ ಬಿದ್ದಿದೆ. ಅದರಲ್ಲಿ ರೋಮನ್ ಲಿಪಿಯಲ್ಲಿ 'ಬೋರ್ಗ್' ಎಂಬುದು ಸ್ಪಷ್ಟವಾಗಿ ಓದಬರುತ್ತದೆ. ಹಿಂದಿನ ಅಕ್ಷರಗಳಿಲ್ಲ. ತಾರೀಖಿನ ಅಂಕಿಗಳು ಕಲಸಿಹೋಗಿವೆ.

ಮುದ್ರೆಗಳಲ್ಲಿ ಊರಿನ ಹೆಸರು ಸ್ವೀಡಿಷಿನಲ್ಲಿರುತ್ತಿತ್ತು. ಆದವಾನಿಯನ್ನು ಆದೋನಿ ಎಂದೂ ಸೊಲ್ಲಾಪುರವನ್ನು ಸೋಲಾಪುರ ಎಂದೂ ಫಲಕಗಳಲ್ಲಿ ಓದುವ ನಮಗೆ ಇದು ಹೊಸದಲ್ಲ. ಬೋರ್ಗ್ ಎಂದರೆ ಸ್ವೀಡಿಷಿನಲ್ಲಿ ಕೋಟೆ. ಆ ಮಾತಿನಿಂದ ಮುಗಿಯುವ ಊರುಗಳು ಅಲ್ಲಿ ಹಲವು. ಪೂರ್ವದ ವಿಬೋರ್ಗ್ ಒಂದು. ಫಿನ್ನಿಷಿನಲ್ಲಿ ಅದು ವೀಪುರಿ. ಉತ್ತರದ ಉಲೆಓಬೋರ್ಗ್ ಇನ್ನೊಂದು, ಫಿನ್ನಿಷಿನಲ್ಲಿ ಔಲು. ಪಶ್ಚಿಮ ಕರಾವಳಿಯ ಬ್ಯೋರ್ನೆಬೋರ್ಗ್ ಮತ್ತೊಂದು, ಫಿನ್ನಿಷಿನಲ್ಲಿ ಪೋರಿ. ರಾಜಧಾನಿ ಹೆಲ್ಸಿಂಕಿಯ ಎದುರಿಗೆ ಸಮುದ್ರದಲ್ಲಿರುವ ದುರ್ಗ ಸ್ವೆಯಾಬೋರ್ಗ್. ನಾಲ್ಕೂ ಒಂದರಿಂದೊಂದು ದೂರ. ವಿಬೋರ್ಗಾದರೆ ಈ ಚೀಟಿ ಇಂದು ಫಿನ್ಲೆಂಡಿನಲ್ಲಿಲ್ಲದ ಒಂದು ಫಿನ್ಲೆಂಡಿನ ಊರಿನದು; ಆ ಪಟ್ಟಣ 1940ರ ಒಪ್ಪಂದದಲ್ಲಿ ಸೋವಿಯತ್ ಒಕ್ಕೂಟಕ್ಕೆ ಹೋಗಿ, ನಡುವೆ ಮರಳಿ, 1944ರಲ್ಲಿ ಮತ್ತೆ ಹೋಗಿ, ಈಗ ರಷ್ಯದಲ್ಲಿದೆ. ಅಲ್ಲಿನ ಫಿನ್ನಿಷ್ ಜನ ಊರು ಬಿಟ್ಟು ಪಶ್ಚಿಮಕ್ಕೆ ನಡೆದರು. ಗಡಿ ಸರಿದ ಮೇಲೂ ಹಳೆಯ ಕಾಗದದ ಮೇಲೆ ಹಳೆಯ ಮುದ್ರೆ ಉಳಿಯುತ್ತದೆ, ಉಳಿಸಿದರೆ.

ನಮ್ಮ ಚೀಟಿಯಲ್ಲಿ ಅದು ಉಳಿದಿಲ್ಲ. ಚೌಕಟ್ಟಿನ ಎಡಭಾಗ ಲಕೋಟೆಯ ಮೇಲೆ ಬಿದ್ದಿತ್ತು. ಯಾರೋ ಸಂಗ್ರಾಹಕ ಚೀಟಿಯನ್ನು ನೆನೆಸಿ ಬಿಡಿಸಿ ಲಕೋಟೆಯನ್ನು ಎಸೆದನು. ಹೆಸರಿನ ಮೊದಲರ್ಧ, ತಾರೀಖು, ಬರೆದವನ ಊರು, ಪಡೆದವನ ವಿಳಾಸ, ಎಷ್ಟು ದೂರಕ್ಕೆ 40 ಪೆನ್ನಿ ಎಂಬ ಸಾಕ್ಷ್ಯ, ಎಲ್ಲವೂ ಅದರೊಡನೆ ಹೋಯಿತು. ಮೂರು ಹಲ್ಲುಗಳು ಹೋದದ್ದು ಅಂಚೆಯ ಮೇಜಿನ ಅವಸರದಲ್ಲಿ. ಊರಿನ ಹೆಸರು ಹೋದದ್ದು ಪ್ರೀತಿಯಿಂದ ಕೂಡಿಡುವವನ ಕೈಯಲ್ಲಿ. ಆದುದರಿಂದ ಹಲ್ಲುಗಳೆಲ್ಲ ಇರುವ ಬಿಡಿ ಚೀಟಿ ಒಂದೆಡೆ, ಐದು ಹಲ್ಲು ಮುರಿದು ಲಕೋಟೆಯ ಮೇಲೆಯೇ ಇರುವ ಚೀಟಿ ಇನ್ನೊಂದೆಡೆ ಇದ್ದರೆ ನಾವು ಎರಡನೆಯದನ್ನೇ ಆರಿಸಿಕೊಳ್ಳುತ್ತೇವೆ. ಬೆಲೆಪಟ್ಟಿ ಏನನ್ನಾದರೂ ಹೇಳಲಿ.

ಶಾಲೆಗಳಲ್ಲಿ ಚೀಟಿಸಂಗ್ರಹದ ಸಂಘ ನಡೆಸುವವರಿಗೆ ಎರಡು ಮಾತು. ಹಳೆಯ ಕಾಗದ, ಕಾರ್ಡು, ಲಕೋಟೆಗಳು ಮನೆಯ ಅಟ್ಟದಲ್ಲಿ ಸಿಕ್ಕಿದರೆ, ಅವು ಯಾವ ದೇಶದವೇ ಆಗಿರಲಿ, ಚೀಟಿಯನ್ನು ಬಿಡಿಸಲು ಹುಡುಗರಿಗೆ ಹೇಳಬಾರದು, ಇಡಿಯಾಗಿಯೇ ಇಡಿಸಬೇಕು. ಆಗಲೇ ಬಿಡಿಯಾಗಿರುವ ಸರ್ಪಸೀಳಿನ ಚೀಟಿಯನ್ನು ಬೆರಳಿನಿಂದ ಮುಟ್ಟದೆ ಚಪ್ಪಟೆ ತುದಿಯ ಚಿಮಟದಿಂದ ನಡುಭಾಗದಲ್ಲಿ ಹಿಡಿಯಬೇಕು, ಅಂಚಿಗೆ ಅಂಟು ತಾಗಿಸಬಾರದು, ಮಡಿಚಿದ ಹಲ್ಲನ್ನು ಉಗುರಿನಿಂದ ನೇರಮಾಡಲು ಹೋಗಬಾರದು. ಬಣ್ಣದ ಕಾಗದದ ಮೇಲೆ ಅಚ್ಚಾದವನ್ನು ನೀರಿಗೆ ಹಾಕದಿರುವುದೇ ಮೇಲು.

ಸರ್ಪಸೀಳಿನ ಕಾಲ 1875ರಲ್ಲಿ ಮುಗಿಯಿತು. ಆ ವರ್ಷದ ಹೊಸ ಮಾದರಿಯ 32 ಪೆನ್ನಿಯ ಚೀಟಿಯನ್ನು ಮೊದಲು ಕೋಪನ್‌ಹೇಗನ್ನಿನಲ್ಲಿ ಅಚ್ಚುಮಾಡಿಸಿದರು. ಬಳಿಕ ಹೆಲ್ಸಿಂಕಿಯಲ್ಲೇ, 11ರ ಲೆಕ್ಕದ ತೂತಿನ ಅಂಚಿನೊಡನೆ, ಅಚ್ಚಾದವು. ಗುಮಾಸ್ತೆಯ ಕೆಲಸ ಹಗುರಾಯಿತು. ಚೀಟಿಯ ಮೇಲಿನ ಜಗಳ ಮುಗಿಯಲಿಲ್ಲ. 1890ರ ಅಂಚೆ ಫರ್ಮಾನಿನಿಂದ ಫಿನ್ಲೆಂಡಿನ ಅಂಚೆ ರಷ್ಯದ ಅಂಚೆಗೆ ಅಧೀನವಾಯಿತು, 1891ರಲ್ಲಿ ರಷ್ಯದ ಮಾದರಿಯ ಚೀಟಿಗಳು ಬಂದವು, 1900ರಲ್ಲಿ ಜನ ಕಪ್ಪುಬಣ್ಣದ ಶೋಕಚೀಟಿಯನ್ನು ಲಕೋಟೆಗೆ ಅಂಟಿಸಿ ಪ್ರತಿಭಟಿಸಿದರು. ಅದು ಬೇರೆಯೇ ಲೇಖನದ ವಿಷಯ.

ನಮ್ಮ ಚೀಟಿಯನ್ನು ಪುಸ್ತಕದಲ್ಲಿ ದಾಖಲಿಸುವಾಗ ಊರಿನ ಹೆಸರಿನ ಕಡೆ ಏನು ಬರೆಯಬೇಕೆಂದು ಕೆಲವು ದಿನ ಯೋಚಿಸಿದೆವು. ವಿಬೋರ್ಗ್ ಎಂದು ಬರೆಯಬೇಕೆಂಬ ಆಸೆ ಇತ್ತು; ಕತೆ ದೊಡ್ಡದಾಗುತ್ತಿತ್ತು. ಶಾಸನದ ಪಾಠ ತಯಾರಿಸುವವರು ತ್ರುಟಿತವಾದಲ್ಲಿ ಚುಕ್ಕೆಗಳನ್ನಿಟ್ಟು ಮುಂದೆ ಹೋಗುವ ಕ್ರಮವನ್ನು ಹಿಡಿದು ಹೀಗೆ ಬರೆದೆವು: ಫಿನ್ಲೆಂಡ್, 40 ಪೆನ್ನಿ, ಬಲಕ್ಕೆ ಮೂರು ಹಲ್ಲು ಇಲ್ಲ, ಎಡಕ್ಕೆ ನೆರೆಯ ಹಲ್ಲು ಒಂದು ಇದೆ, ಮುದ್ರೆ ....ಬೋರ್ಗ್, ತಾರೀಖು ಓದಬರುವುದಿಲ್ಲ.